ಮೂರನೆಯ ಸೆನ್ಸರ್

ಸೆನ್ಸರ್ ಮಾರಿದ ಅಂಗಡಿಯ ಲಿಯೊನೆಲ್ ತನಗೆ ಟೋಪಿ ಹಾಕಿದ್ದಾನೆ ಎಂಬುದರಲ್ಲಿ ರಂಜಿತನಿಗೆ ಈಗ ಅನುಮಾನವೇ ಉಳಿದಿರಲಿಲ್ಲ. ಎರಡು ಸಲ ಬದಲಾಯಿಸಿ ತಂದರೂ ಮೂರನೆಯ ಸೆನ್ಸರ್ ಅದೇ ಚಾಳಿ ತೋರಿಸುತ್ತಿತ್ತು.

ಶುಕ್ರವಾರ ದುಬೈಯ ಅಲ್ ಮುರಕ್ಕಬಾತಿನಲ್ಲಿ ಕನ್ನಡ ಕೂಟದ ಸಮಾರಂಭ. ಅದರಲ್ಲಿ ರಂಜಿತನಿಗೆ ಹತ್ತು ನಿಮಿಷ. ವಾದ್ಯವಿಲ್ಲ, ತಂತಿಯಿಲ್ಲ, ಎರಡು ಕೈಗೂ ಬೆಂಕಿಪೊಟ್ಟಣದಂಥ ಸೆನ್ಸರ್ ಕಟ್ಟಿಕೊಂಡು ಗಾಳಿಯಲ್ಲಿ ಬೀಸಿದರೆ ಲ್ಯಾಪ್‌ಟಾಪ್ ನುಡಿಯಬೇಕು. ಬಲಗೈ ಎತ್ತಿದರೆ ಕೊಳಲು, ಎಡಗೈ ಬೀಸಿದರೆ ಚೆಂಡೆ. ಕಳೆದ ವರ್ಷ ಅವನು ಕೈಮುಗಿದು ಸುಮ್ಮನೆ ನಿಂತಿದ್ದಾಗಲೂ ಚೆಂಡೆ ಬಡಿದುಕೊಂಡು, ಸಭೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಈ ಸಲವೂ ಮಾನ ಹೋದರೆ ಇನ್ನು ವೇದಿಕೆ ಹತ್ತುವ ಮಾತೇ ಇಲ್ಲ.

ಉಸಿರು, ನಾಡಿಯ ಸಣ್ಣ ನಡುಕವನ್ನೂ ಯಂತ್ರ ಕುಣಿತವೆಂದು ತಿಳಿಯುತ್ತಿತ್ತು. ಅದಕ್ಕೆ ಅವನೇ ಮದ್ದು ಹುಡುಕಿದ್ದ. ಜೀವವಿರುವ, ಆದರೆ ಅಲ್ಲಾಡದ ಒಂದು ಕೈಗೆ ಮೂರನೆಯ ಸೆನ್ಸರ್ ಕಟ್ಟಿ, ತಾನು ಪೂರ್ತಿ ಹತ್ತು ನಿಮಿಷ ನುಡಿಸಿದರೆ ಯಂತ್ರ ವ್ಯತ್ಯಾಸ ಕಲಿಯುತ್ತದೆ. ನಡುವೆ ಆ ಸೆನ್ಸರ್ ಕದಲಿತೋ, ಲ್ಯಾಪ್‌ಟಾಪ್ ‘ಟಿಣ್’ ಎನ್ನುತ್ತದೆ. ಮತ್ತೆ ಮೊದಲಿನಿಂದ ಶುರು.

ಅಂಥ ಕೈಗಾಗಿ ದೂರ ಹೋಗಬೇಕಾಗಿರಲಿಲ್ಲ. ಉಡುಪಿಯಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿದ ಮೇಲೆಯೇ ಅಮ್ಮ ಜಲಜಾಕ್ಷಿ ಖಾಲಿದಿಯಾದಲ್ಲಿರುವ ಮಗನ ಈ ಫ್ಲ್ಯಾಟಿಗೆ ಬಂದದ್ದು. ವ್ಯಾಯಾಮ, ಎಣ್ಣೆ, ಹರಕೆ ಎಲ್ಲ ಮುಗಿದು, ಆ ಕೈಯ ಸುದ್ದಿಯನ್ನು ರಂಜಿತ ಎತ್ತುವುದನ್ನೇ ಬಿಟ್ಟಿದ್ದ. ಎತ್ತಿದರೆ ಅಮ್ಮನೇ, ಅದೂ ತಮಾಷೆಗೆ.

“ಗಲ್ಫಿಗೆ ಬಂದವರಿಗೆಲ್ಲ ಕೆಲಸ ಸಿಗ್ತದೆ ಅಂತ ಹೇಳ್ತಾರೆ. ನನ್ನ ಎಡಗೈಗೂ ಸಿಕ್ಕಿತು ನೋಡು, ಅದೂ ಕೂತಲ್ಲೇ!” ಎಂದು ನಕ್ಕು, ಎ.ಸಿ.ಯ ಚಳಿಗೆ ಶಾಲು ಹೊದ್ದು ಸೋಫಾದಲ್ಲಿ ಕುಳಿತರು.

ಕೊಳಲು ನುಡಿಸಿದಷ್ಟು ಹೊತ್ತು ತಂಟೆಯಿಲ್ಲ. ಚೆಂಡೆ ಶುರುವಾಗಿ ಒಂದು ಹದಕ್ಕೆ ಬಂತು ಎನ್ನುವಾಗ, ಟಿಣ್!

“ನಿಲ್ಲಿಸ್ಬೇಡ ಮಗಾ, ಲಾಯ್ಕ ಉಂಟು.”

“ಎಂತ ಲಾಯ್ಕ ಅಮ್ಮ, ಎಲ್ಲ ಹಾಳಾಯ್ತು!”

ರಂಜಿತ ವೈಫೈ ಆರಿಸಿದ. ಸೋಫಾವನ್ನು ಕಿಟಕಿಯಿಂದ ಈಚೆಗೆ ಎಳೆದ. ಫ್ರಿಜ್ ಬಂದ್ ಮಾಡಿ ಎರಡು ಲೀಟರ್ ಹಾಲು ಕೆಡಿಸಿದ. ಆದರೂ ಟಿಣ್. ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಗೆ ಹೋದರೆ, ಕಾರ್ಕಳದ ಲಿಯೊನೆಲ್ ಅದನ್ನು ತನ್ನ ಕೈಗೇ ಕಟ್ಟಿಕೊಂಡು ಕಾಲು ಗಂಟೆ ಕಲ್ಲಿನಂತೆ ಕುಳಿತ. ಲ್ಯಾಪ್‌ಟಾಪ್ ಪಿಟ್ಟೆನ್ನಲಿಲ್ಲ.

“ನನ್ನ ಮಾಲಿಗೆ ಎಂತದೂ ಆಗಲಿಲ್ಲ ಮಾರಾಯ. ನಿನ್ನ ಮನೆಯಲ್ಲೇ ಎಂತದೋ ಉಂಟು.”

ಬುಧವಾರ ಸಂಜೆ ರಂಜಿತ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಅರ್ಧ ಗಂಟೆಯಲ್ಲಿ ಲಿಯೊನೆಲ್ ಹೊಸ ಸೆನ್ಸರ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಯಲ್ಲಾ, ನಡಿ ನಡಿ, ನನ್ನ ಎದುರೇ ನುಡಿಸು. ಇದೂ ಟಿಣ್ ಅಂದ್ರೆ ನಾನು ಅಂಗಡಿ ಮುಚ್ತೇನೆ. ಖಲಾಸ್!”

ಅವನೇ ಅಮ್ಮನ ಕೈಗೆ ಪಟ್ಟಿ ಬಿಗಿದು, ಶಾಲು ಹೊದಿಸಿ, ಪಕ್ಕದಲ್ಲೇ ಕುಳಿತ. ರಂಜಿತ ಬಲಗೈ ಎತ್ತಿದ, ಕೊಳಲು ಹರಿಯಿತು. ಎಡಗೈ ಬೀಸಿದ, ಚೆಂಡೆ ಗುಡುಗಿತು. ಅಮ್ಮ ಕಣ್ಣು ಮುಚ್ಚಿ ತಲೆದೂಗತೊಡಗಿದರು.

ಟಿಣ್. ಟಿಣ್. ಟಿಣ್.

“ನೋಡಿದ್ಯಾ!” ರಂಜಿತ ಕೈ ಬೀಸುತ್ತಲೇ ಕೂಗಿದ. “ಒಂದು ಪೆಟ್ಟು ತಪ್ಪದೆ, ತಾಳಕ್ಕೆ ಸರಿಯಾಗಿ ಕೈ ಕೊಡ್ತದೆ ನಿನ್ನ ಮಾಲು!”

ಲಿಯೊನೆಲ್ ಅಮ್ಮನ ಶಾಲನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ನಿಲ್ಲಿಸಬೇಡ ಎಂದು ಒಂದು ಕೈಯಲ್ಲಿ ಸನ್ನೆ ಮಾಡುತ್ತಾ, ಇನ್ನೊಂದರಲ್ಲಿ ಮೆಲ್ಲನೆ ಶಾಲಿನ ಅಂಚು ಸರಿಸಿದ.

ಅಮ್ಮನ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.