ಸುಮಲತಾಗೊಂದು ಬೀಚು

"ಈಜೋಕೆ ಒಂದು, ಅಲೆ ಮೇಲೆ ಹಲಗೆ ಹಾಕ್ಕೊಂಡು ಸರ್ಫಿಂಗ್ ಮಾಡೋಕೆ ಒಂದು, ನೀರಲ್ಲಿ ಮುಖ ಮುಳುಗಿಸಿ ಮೀನು ನೋಡೋಕೆ ಇನ್ನೊಂದು. ಲಂಕೆ ಸುತ್ತ ಎಲ್ಲಿ ನೋಡಿದ್ರೂ ಬೀಚೇ ಅಣ್ಣ, ಆದ್ರೆ ನಾಲ್ಕು ದಿನದಲ್ಲಿ ಎಲ್ಲಾ ಸುತ್ತಕ್ಕಾಗಲ್ಲ. ಯಾವ್ದು ಬೇಕು ಹೇಳಿ, ಅದರ ಪಕ್ಕದಲ್ಲೇ ರೂಮು ಹಾಕ್ತೀನಿ," ಎಂದು ಅನ್ವರ್ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ.

ಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಅವನ ಟ್ರಾವೆಲ್ಸ್ ಆಫೀಸಿನಲ್ಲಿ ಧರ್ಮೇಶ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಹೆಂಡತಿ ಸುಮಲತಾ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಸಮುದ್ರ ನೋಡಲೇಬೇಕು ಎಂದು ಹಟ ಹಿಡಿದವಳು ಅವಳು. ಯಾವ ಸಮುದ್ರ ಎಂದು ತೀರ್ಮಾನ ಮಾಡುವವನು ಅವನು. ಆ ಮನೆಯಲ್ಲಿ ಮೊದಲಿನಿಂದಲೂ ಹಾಗೆಯೇ.

"ನಂಗೆ ಸರ್ಫಿಂಗ್ ಇರೋದೇ ಹಾಕು," ಎಂದ ಧರ್ಮೇಶ್. "ಇವಳಿಗೆ ಎಂತದೂ ಬೇಡ. ನೀರು ಕಂಡ್ರೆ ಆಗಲ್ಲ ಇವಳಿಗೆ. ನೆಮ್ಮಾರಿನ ಕಥೆ ಗೊತ್ತುಂಟಲ್ಲ ನಿಂಗೆ?"

ಗೊತ್ತಿಲ್ಲದವರು ಕೊಪ್ಪದಲ್ಲಿ ಯಾರಿದ್ದಾರೆ. ಅನ್ವರ್ ಕೂಡ ಎಷ್ಟೋ ಸಲ ಕೇಳಿದ್ದ. ಆದರೂ ಧರ್ಮೇಶ್ ಇನ್ನೊಮ್ಮೆ ಹೇಳಿದ. ಮದುವೆಯ ಹೊಸತರಲ್ಲಿ ನೆಮ್ಮಾರಿನ ಸೋದರತ್ತೆ ಮನೆಗೆ ಔತಣಕ್ಕೆ ಹೋದದ್ದು, ಊಟ ಮುಗಿಸಿ ಗಂಡ ಹೆಂಡತಿ ಇಬ್ಬರೇ ತುಂಗೆಯ ಕಡೆ ನಡೆದದ್ದು, ಹಾವಸೆಗಟ್ಟಿದ ಬಂಡೆಯಿಂದ ಹೊಸ ಹೆಂಡತಿ ಜಾರಿ ಮಡುವಿಗೆ ಬಿದ್ದದ್ದು, ತಾನು ಹಿಂದುಮುಂದು ನೋಡದೆ ಹಾರಿ ಜಡೆ ಹಿಡಿದು ಎಳೆದು ತಂದದ್ದು. ವರ್ಷದಿಂದ ವರ್ಷಕ್ಕೆ ಆ ಮಡು ಆಳವಾಗುತ್ತ ಬಂದಿತ್ತು. ಈ ಸಲ ಅದರಲ್ಲೊಂದು ಸುಳಿಯೂ ಇತ್ತು. ಸುಮಲತಾ ಎಂದಿನ ಹಾಗೆ ತಲೆ ತಗ್ಗಿಸಿ ಸಣ್ಣಗೆ ನಕ್ಕಳು. ಪಾಪ, ನಾಚಿಕೆ ಎಂದುಕೊಂಡ ಅನ್ವರ್.

ನಿಜವಾಗಿ ಜಾರಿದ್ದು ಧರ್ಮೇಶ್. ಅವಳು ನರಸಿಂಹರಾಜಪುರದ ಪಕ್ಕದ ಹಳ್ಳಿಯವಳು, ಭದ್ರಾ ಹಿನ್ನೀರಿನಲ್ಲೇ ಬೆಳೆದವಳು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತು, ಆಮೇಲೆ ಬುರುಡೆಯನ್ನೂ ಬಿಟ್ಟು, ನಡುಗಡ್ಡೆಯ ತನಕ ಈಜಿ ಹೋಗಿ, ನೇರಳೆಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡು ವಾಪಸು ಬರುತ್ತಿದ್ದಳು. ಅಂಥವಳು, ಬಂಡೆಯ ಮೇಲೆ ಶೂರನ ಹಾಗೆ ನಿಂತಿದ್ದ ಗಂಡ ಕಣ್ಣೆದುರೇ ಮಾಯವಾದರೆ ಸುಮ್ಮನಿರುತ್ತಾಳೆಯೇ? ರೇಷ್ಮೆ ಸೀರೆಗೆ ಕಚ್ಚೆ ಹಾಕಿ ಹಾರಿಯೇಬಿಟ್ಟಳು. ದಡಕ್ಕೆ ತಂದು ಹಾಕಿದಾಗ ಅವನು ನೀರು ಕಕ್ಕುತ್ತ, ಅವಳ ಕೈ ಬಿಡದೆ ನಡುಗುತ್ತಿದ್ದ. ಅಷ್ಟರಲ್ಲಿ ಔತಣದ ನೆಂಟರೆಲ್ಲ ಓಡಿ ಬಂದರು. "ಎಂತ ಆಯ್ತು?" ಎಂದು ಸೋದರತ್ತೆ ಕೇಳಿದರೆ ಧರ್ಮೇಶ್ ತಲೆಯನ್ನೇ ಎತ್ತಲಿಲ್ಲ. ಔತಣಕ್ಕೆ ಬಂದ ಮದುಮಗನನ್ನು ಮದುಮಗಳು ನೀರಿಂದ ಎತ್ತಿದಳು ಎಂದಾದರೆ ಅವನ ಗತಿ ಏನು? ಅವನನ್ನು ನೋಡಿ ಅವಳಿಗೆ ಪ್ರೀತಿ ಉಕ್ಕಿ ಬಂತು. "ನಾನು ಜಾರಿದೆ. ಇವರು ಎಳ್ಕೊಂಡ್ರು," ಎಂದುಬಿಟ್ಟಳು.

ಅವತ್ತಿಗೆ ಅವಳ ಈಜು ಮುಗಿಯಿತು. ಮುಳುಗುತ್ತಿದ್ದವಳು ಮತ್ತೊಂದು ದಿನ ಸಲೀಸಾಗಿ ಈಜಿದರೆ ಗಂಡನ ಕಥೆಯನ್ನು ಯಾರು ನಂಬುತ್ತಾರೆ? ತವರಿನಲ್ಲಿ ಅಮ್ಮನಿಗೆ ಎಲ್ಲ ಅರ್ಥವಾಗಿತ್ತು. ಅವರೂ ಬಾಯಿ ಬಿಡಲಿಲ್ಲ. ತವರಿಗೆ ಹೋದಾಗಲೆಲ್ಲ ಸುಮಲತಾ ಹಿನ್ನೀರಿಗೆ ಪಾದ ಅದ್ದಿ ಎದ್ದು ಬರುತ್ತಿದ್ದಳು. ಆ ನೀರಿನ ಆಸೆ ಮಾತ್ರ ಹೋಗಿರಲಿಲ್ಲ. ಬಟ್ಟೆ ಒಗೆಯುವಾಗ ಬಕೀಟಿನಲ್ಲಿ ಮೊಣಕೈ ತನಕ ಕೈ ಇಟ್ಟುಕೊಂಡು ಸುಮ್ಮನೆ ಕೂರುವುದಿತ್ತು.

ಈಗ ಕಂಪ್ಯೂಟರಿನಲ್ಲಿ ಹಸಿರು ನೀರು ಕಾಣುತ್ತಿತ್ತು. ಮೂಗೂ ಮುಚ್ಚುವ ಕನ್ನಡಕದಂಥದ್ದೇನೋ ಹಾಕಿ, ಬಾಯಲ್ಲೊಂದು ನಳಿಗೆ ಕಚ್ಚಿಕೊಂಡ ಹೆಂಗಸೊಬ್ಬಳು ಮೀನುಗಳ ನಡುವೆ ಕೈಕಾಲು ಚಾಚಿ ತೇಲುತ್ತಿದ್ದಳು.

"ಈ ನಳಿಗೆಯಲ್ಲಿ ಬಾಯಿಂದಲೇ ಉಸಿರಾಡಬೇಕಾ ಅನ್ವರ್?" ಎಂದು ಸುಮಲತಾ ಕೇಳಿದಳು.

ಧರ್ಮೇಶ್ ನಕ್ಕ. "ಅದೆಲ್ಲ ನಿಂಗ್ಯಾಕೆ ಮಾರಾಯ್ತಿ. ನೀನು ಮರಳಲ್ಲಿ ಕೂತು ಎಳನೀರು ಕುಡಿ. ಅನ್ವರ್, ದೊಡ್ಡ ಅಲೆ ಇರೋ ಬೀಚೇ ಇರಲಿ."

ಸುಮಲತಾ ತಟ್ಟನೆ ಅವನ ಕಡೆ ತಿರುಗಿದಳು. ಈ ಮನುಷ್ಯ ತನ್ನ ಕಥೆಯನ್ನು ತಾನೇ ನಂಬಿಬಿಟ್ಟಿದ್ದಾನೆ. "ಅಲೆ ಬೇಡ," ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಅನ್ವರ್ ಮೌಸಿನಿಂದ ಕೈ ತೆಗೆದ. "ಅಣ್ಣ, ಇದು ತಮಾಷೆ ಅಲ್ಲ. ಆ ದಡದಲ್ಲಿ ಈಜು ಬಾರದವರು ನೀರಿಗಿಳಿದ್ರೆ ವಾಪಸು ಬರೋದು ಕಷ್ಟ. ನಿಮಗೆ ಪಕ್ಕಾ ಈಜು ಬರುತ್ತಲ್ಲ?"

ಧರ್ಮೇಶ್ ಹೆಂಡತಿಯ ಕಡೆ ನೋಡಿದ. ಇಂಥ ಹೊತ್ತಿನಲ್ಲೆಲ್ಲ "ನನ್ನನ್ನೇ ಉಳಿಸಿದವರು ಇವರು" ಎನ್ನುವುದು ಅವಳ ಪಾಲಿನ ಮಾತು. ಅದು ನಾಲಿಗೆಯ ತುದಿಗೆ ಬಂತು ಕೂಡ. ಹೇಳಿದರೆ ಗಂಡನನ್ನು ತಾನೇ ಕಡಲಿಗೆ ನೂಕಿದ ಹಾಗೆ. ಹೇಳದಿದ್ದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಅವನ ಮರ್ಯಾದೆ ಅನ್ವರನ ಮೇಜಿನ ಮುಂದೆ ಹೋಗುತ್ತದೆ. ಅವಳು ಬಾಯಿ ತೆರೆಯಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತಳು. ಕಣ್ಣು ತುಂಬಿಕೊಂಡಿತು.

ಹೊರಗೆ ಶೃಂಗೇರಿ ಬಸ್ಸಿನ ಕಂಡಕ್ಟರ್ ಕೂಗಿ ಕೂಗಿ ಜನ ಹತ್ತಿಸುತ್ತಿದ್ದ. ಬಸ್ಸು ಹೊರಟು ಹೋದ ಮೇಲೆ ಧರ್ಮೇಶ್ ಕಾಲ ಮೇಲಿನ ಕಾಲು ಕೆಳಗಿಳಿಸಿದ.

"ಅನ್ವರ್, ಆ ಅಲೆಯದ್ದು ಬಿಟ್ಟುಬಿಡು," ಎಂದ. "ಈಜೋದು, ಮೀನು ನೋಡೋದು, ಎರಡೂ ಹಾಕು. ಒಳ್ಳೆ ಆಳ ಇರೋದೇ ನೋಡು."

"ನಿಮಗಾ ಅಣ್ಣ?"

"ಇವಳಿಗೆ ಮಾರಾಯ. ದಡದಲ್ಲಿ ಇವಳ ಚಪ್ಪಲಿ ಕಾಯೋಕೆ ನಾನಿದ್ದೀನಿ."