ಮೋಟಾರು ತಪ್ಪಿದರೆ

“ನೀನು ಹತ್ತಬೇಕಾದ ಮೋಟಾರು ತಪ್ಪಿಹೋಯಿತು. ಆಗ ಏನು ಮಾಡ್ತೀ?” ಶಾಂತಾರಾಮ ಮಾಸ್ತರು ಕೇಳಿದರು.

ಏಳನೇ ಇಯತ್ತೆಯ ಸುಗ್ರಾ ಮಾಸ್ತರ ಮುಖವನ್ನೇ ನೋಡಿದಳು. “ತಪ್ಪೂದಿಲ್ರಿ. ಅಬ್ಬಾ ನಿಲ್ಲಿಸ್ಕೊಂಡಿರ್ತಾರ.”

“ನಿಲ್ಲಿಸಲಿಲ್ಲ ಅಂತ ತಿಳ್ಕೋ. ಹೋಗೇಬಿಡ್ತು.”

“ನಾ ಹತ್ತದನ ಹ್ಯಾಂಗ ಹೋಗ್ತದ್ರಿ?”

ಕಿಟಕಿಯ ಹೊರಗೆ ನಿಂತಿದ್ದ ಅವಳಪ್ಪ, ಮೋಟಾರು ಓಡಿಸುವ ದಾದಾಸಾಬನಿಗೆ ಈ ಉತ್ತರ ಕೇಳಿ ಎದೆ ಉಬ್ಬಿತು. ಮಾಸ್ತರು ಸೊನ್ನೆ ಹಾಕಿದ್ದು ಕಂಡ ಮೇಲೆ ಉಬ್ಬಿದ್ದೆಲ್ಲ ಇಳಿಯಿತು.

ಧಾರವಾಡದಲ್ಲಿ ತರಬೇತಿ ಮುಗಿಸಿ ಯಲ್ಲಾಪುರಕ್ಕೆ ಮರಳಿದ್ದ ಮಾಸ್ತರು ಹೊಸದೊಂದು ಪರೀಕ್ಷೆ ತಂದಿದ್ದರು. ಅದರಲ್ಲಿ ಪಾಠ ಒಪ್ಪಿಸುವುದಿಲ್ಲ, ಮಗ್ಗಿ ಹೇಳುವುದಿಲ್ಲ. ಯಾವ ಮಗು ಮುಂದೆ ಯಾವ ಕೆಲಸಕ್ಕೆ ಲಾಯಕ್ಕು ಎಂದು ಪ್ರಶ್ನೆ ಕೇಳಿಯೇ ತಿಳಿಯುವುದು. ಅದರಲ್ಲಿ ಗೆದ್ದರೆ ಮಾಸ್ತರ ಶಿಫಾರಸಿನ ಮೇಲೆ ಸುಗ್ರಾಳಿಗೆ ಶಿಕ್ಷಕಿಯರ ತರಬೇತಿಯಲ್ಲಿ ಜಾಗ ಸಿಗುತ್ತಿತ್ತು. ಜನ್ಮವೆಲ್ಲ ರಸ್ತೆಯ ಧೂಳು ಕುಡಿದ ದಾದಾಸಾಬನಿಗೆ ಮಗಳು ಕುರ್ಚಿಯ ಮೇಲೆ ಕುಳಿತು ಮಕ್ಕಳಿಗೆ ಪಾಠ ಹೇಳುವುದನ್ನು ನೋಡುವುದೊಂದೇ ಆಸೆ.

ಪರೀಕ್ಷೆಯ ಪುಸ್ತಕದಲ್ಲಿ ಇದ್ದದ್ದು ರೈಲು. ರೈಲನ್ನೇ ಕಾಣದ ಮಕ್ಕಳಿಗೆ ಕಷ್ಟವಾದೀತೆಂದು ಮಾಸ್ತರು ಕನಿಕರದಿಂದ ಮೋಟಾರು ಮಾಡಿದ್ದರು. ಎಡವಟ್ಟಾದದ್ದು ಅಲ್ಲೇ. ಶಿರಸಿಗೆ ಹೋಗುವ ದಾದಾಸಾಬನ ಮೋಟಾರು ಯಾರನ್ನೂ ಬಿಟ್ಟು ಹೋದದ್ದೇ ಇಲ್ಲ. ಬರುತ್ತೇನೆಂದು ಹಿಂದಿನ ದಿನ ಹೇಳಿದವರು ಕಾಣದಿದ್ದರೆ ಮನೆಬಾಗಿಲಿಗೇ ಹೋಗಿ ಪೋಂ ಪೋಂ ಎನ್ನುತ್ತಿತ್ತು. ಹತ್ತಿ ಕುಳಿತವರು ಎಲೆಯಡಿಕೆಯ ಕವಳ ಜಗಿಯುತ್ತ ಕಾಯುತ್ತಿದ್ದರು. ನಾಳೆ ತಮಗೂ ತಡವಾಗಬಹುದಲ್ಲ!

“ಒಂದೇ ಒಂದು ಉತ್ತರಕ್ಕೆ ನಿಂತುಹೋಯ್ತಲ್ಲ ದಾದಾಸಾಬರೇ,” ಮಾಸ್ತರು ಹೊರಗೆ ಬಂದು ಪೇಚಾಡಿಕೊಂಡರು. “ನಾಳೆ ಬೆಳಿಗ್ಗೆ ಇನ್ನೊಂದ್ಸಲ ಕೇಳಿ ನೋಡ್ತೇನೆ. ಆದ್ರೆ ನೀವು ಹೇಳಿಕೊಡಬಾರ್ದು, ಮತ್ತೆ.”

“ಖುದಾನ ಆಣೆ, ಒಂದು ಮಾತೂ ಹೇಳೂದಿಲ್ರಿ.”

ಆಣೆ ಹಾಕುವುದು ಸುಲಭ. ಆ ಸಂಜೆ ರೊಟ್ಟಿಯ ಒಂದೊಂದು ತುತ್ತಿನ ಜೊತೆಗೂ ‘ನಡೆದು ಹೋಗು’ ಎಂಬ ಉತ್ತರ ಬಾಯಿಗೆ ಬರುತ್ತಿತ್ತು, ದಾದಾಸಾಬ ನುಂಗುತ್ತಿದ್ದ. ಕೈ ತೊಳೆಯುವಾಗ ಅವನಿಗೆ ಹೊಳೆಯಿತು. ಹೇಳಬಾರದು ಎಂದರೇ ಹೊರತು, ಮಾಡಿ ತೋರಿಸಬಾರದು ಎಂದು ಮಾಸ್ತರು ಅನ್ನಲಿಲ್ಲವಲ್ಲ!

ಅವನ ಮನೆ ಊರ ಹೊರಗೆ. ಹತ್ತಿರದ ಹಳ್ಳಿಯವರು ಅಲ್ಲಿಗೇ ಬಂದು ಮೋಟಾರು ಹತ್ತುತ್ತಿದ್ದರು. ಸುಗ್ರಾ ಕೂಡ ಶಾಲೆಯ ತನಕ ಅದರಲ್ಲೇ ಹೋಗುತ್ತಿದ್ದಳು. ಅವಳ ಜಡೆ ಮುಗಿಯುವವರೆಗೂ ಗಾಡಿ ಅಲ್ಲಾಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ದಾದಾಸಾಬ ಒಂದೇ ಒಂದು ಸಲ ಹಾರನ್ ಹೊಡೆದು ಗಾಡಿ ಬಿಟ್ಟೇಬಿಟ್ಟ.

“ಅಬ್ಬಾ! ಅಬ್ಬಾ!” ಅರ್ಧ ಹೆಣೆದ ಜಡೆಯಲ್ಲೇ ಸುಗ್ರಾ ಅಂಗಳಕ್ಕೆ ಓಡಿ ಬಂದಳು.

ಅವನು ತಿರುಗಿ ನೋಡಲಿಲ್ಲ. ನೋಡಿದ್ದರೆ ಮುಗಿದೇಹೋಗುತ್ತಿತ್ತು.

“ಎಂತಾ ದಾದಾಸಾಬಾ, ಮಳ್ಳು ಹಿಡದ್ದಾ ನಿಂಗೆ? ಕೂಸು ಹತ್ತಿದ್ದಿಲ್ಲೆ!” ಮಗಳ ಮನೆಗೆಂದು ಶಿರಸಿಗೆ ಹೊರಟಿದ್ದ ಲಕ್ಷ್ಮೀ ಅಮ್ಮ ಹಿಂದಿನಿಂದ ಕೂಗಿದರು.

“ಸುಮ್ನಿರ್ರಿ ಅಮ್ಮಾ. ಗಾಡಿ ತಪ್ಪಿದ್ರ ಏನು ಮಾಡಬೇಕಂತ ಅಕಿಗೆ ತಾನಾ ಗೊತ್ತಾಗ್ಲಿ. ನಾ ಹೇಳೂಹಂಗಿಲ್ಲ.”

ಮನೆ ಮರೆಯಾಗುವ ತಿರುವು ದಾಟಿದ್ದೇ ತಡ, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಸದ್ದು ಕೇಳಿಸಿದರೆ ಮಗಳಿಗೆ ತಿಳಿದುಬಿಡುತ್ತದೆಂದು ಎಂಜಿನ್ನನ್ನೂ ನಿಲ್ಲಿಸಿದ. ಪರೀಕ್ಷೆಯ ವಿಷಯವನ್ನು ಅವನ ಬಾಯಿಂದಲೇ ಕೇಳಿದ ಪ್ರಯಾಣಿಕರೆಲ್ಲ ಉಸಿರು ಬಿಗಿಹಿಡಿದು ಕಿವಿಗೊಟ್ಟರು.

“ಅಳ್ತಾ ಕೂತದೋ ಏನೋ ಹುಡುಗಿ,” ಎಂದ ಮುಂದಿನ ಸೀಟಿನ ಕೆರಿಯಪ್ಪ ಪಿಸುಮಾತಿನಲ್ಲಿ. ಹಾಳಾಗಿ ಹೋಗಲಿ ಪರೀಕ್ಷೆ ಎಂದು ದಾದಾಸಾಬ ಕೆಳಗಿಳಿಯುವಷ್ಟರಲ್ಲಿ ಲಕ್ಷ್ಮೀ ಅಮ್ಮ ಹಿಂದೆ ಇಣುಕಿ, “ಬಂತು! ಕೂಸು ನಡಕೊಂಡೇ ಬಂತು! ಗಾಡಿ ಬಿಡು ಮಾರಾಯಾ, ಬೇಗ ಬಿಡು!” ಎಂದರು.

ಬಿಡುವುದು ಹೇಗೆ? ಇಳಿದು ಮುಂದೆ ಹೋಗಿ ಹ್ಯಾಂಡಲ್ ತಿರುವದೆ ಎಂಜಿನ್ನು ಏಳುವಂತಿಲ್ಲ. ದಾದಾಸಾಬ ತಿರುವಿದ, ಅದು ಕೆಮ್ಮಿತು. ಮತ್ತೆ ತಿರುವಿದ, ಮತ್ತೆ ಕೆಮ್ಮಿತು. ಅಷ್ಟರಲ್ಲಿ ಸುಗ್ರಾ ಪಕ್ಕದಲ್ಲೇ ಬಂದು ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು.

“ಗಾಡಿ ಕೆಟ್ಟಿತ್ತು, ಬೇಟಿ,” ಎಂದ ಅವಳ ಮುಖ ನೋಡದೆ.

“ಹೌದೌದು, ಕೆಟ್ಟೇಹೋಗಿತ್ತು,” ಎಂದು ಇಡೀ ಮೋಟಾರು ಸಾಕ್ಷಿ ನುಡಿಯಿತು. ಸುಗ್ರಾ ಹತ್ತಿ ಕುಳಿತಳು. ಉಳಿದ ಜಡೆಯನ್ನು ಲಕ್ಷ್ಮೀ ಅಮ್ಮ ಹೆಣೆದರು. ಕಲಿಸಲು ಹೋಗಿ ತಾನೇ ಎಲ್ಲ ಕೆಡಿಸಿದೆನೆಂದು ದಾದಾಸಾಬ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಶಾಲೆಯ ಹತ್ತಿರ ಯಾರೂ ಗಾಡಿಯಲ್ಲಿ ಕೂರಲಿಲ್ಲ. ಶಿರಸಿಯ ಕೆಲಸವನ್ನೆಲ್ಲ ಮರೆತು ದಾದಾಸಾಬನ ಜೊತೆ ಕಿಟಕಿಗೆ ಮುತ್ತಿಕೊಂಡರು. ಮಾಸ್ತರು ಪ್ರಶ್ನೆಯನ್ನು ನಿಧಾನವಾಗಿ, ಬೇಡಿಕೊಳ್ಳುವವರ ಹಾಗೆ ಕೇಳಿದರು.

“ನಡಕೊಂತ ಹೋಗ್ತೇನ್ರಿ,” ಎಂದಳು ಸುಗ್ರಾ, ತಡಮಾಡದೆ.

ಮಾಸ್ತರು ಸೊನ್ನೆಯನ್ನು ಉಜ್ಜಿ ಅಳಿಸಿ ಪೂರ್ತಿ ಅಂಕ ಹಾಕಿದರು. ಕಿಟಕಿಯ ಹೊರಗೆ ದಾದಾಸಾಬ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಮಾಸ್ತರಿಗೂ ಹಿಗ್ಗು ತಡೆಯಲಾಗಲಿಲ್ಲ.

“ಶಾಭಾಸ್! ಎಲ್ಲೀ ತನಕ ನಡೀತೀಯೇ?”

“ತಿರುವಿನ ತನಕ್ರಿ. ಅಲ್ಲಿ ಅಬ್ಬಾ ನಿಂತಿರ್ತಾರ.”