ಎರಡು ಗುಪ್ಪೆ ಚಟ್ನಿ

"ಎರಡರಲ್ಲಿ ನಿನ್ನ ಕೈಯದು ಯಾವುದು ಹೇಳಿಬಿಡು ನಂಜಮ್ಮ. ಸರಿಯಾಗಿ ಹೇಳಿದ್ರೆ ನೀನೂ ಇರ್ತೀಯ, ನಿನ್ನ ರುಬ್ಬುಕಲ್ಲೂ ಇರುತ್ತೆ," ಎನ್ನುತ್ತ ಮಳವಳ್ಳಿಯ ಹೋಟೆಲಿನ ಮಾಲೀಕ ವೆಂಕಟರಾಮಯ್ಯನವರು ಬಾಳೆಲೆಯ ಮೇಲೆ ಎರಡು ಗುಪ್ಪೆ ಚಟ್ನಿ ಹಾಕಿ ಚಟ್ನಿ ರುಬ್ಬುವ ಚಿಕ್ಕನಂಜಮ್ಮನ ಮುಂದಿಟ್ಟರು.

ಎಮರ್ಜೆನ್ಸಿ ಬಗ್ಗೆ ತುಟಿ ಬಿಚ್ಚದ ಗಿರಾಕಿಗಳು ಹೋಟೆಲಿನ ಹೊಸ ಕರೆಂಟು ಗ್ರೈಂಡರಿನ ಬಗ್ಗೆ ವಾರದಿಂದ ತೀರ್ಪು ಕೊಡುತ್ತಲೇ ಇದ್ದರು. "ಕಲ್ಲಲ್ಲಿ ರುಬ್ಬಿದ್ ರುಚಿ ಆ ಮಿಸಿನ್‌ಗೆ ಎಲ್ಲಿಂದ ಬತ್ತದೆ? ನಂಜಮ್ಮನ್ ಚಟ್ನಿ ಯಾವ್ದು ಅಂತ ಕಣ್ಮುಚ್ಕಂಡ್ ಏಳ್ತೀನಿ," ಎಂದ ಅವರಲ್ಲೊಬ್ಬ, ಕರಿಸಿದ್ದಯ್ಯ.

ಹದಿನೆಂಟು ವರ್ಷ ರುಬ್ಬಿ ಗೆರೆಗಳೇ ಸವೆದುಹೋದ ಬೆರಳನ್ನು ಅವಳು ಮೊದಲನೆಯದಕ್ಕೆ ಅದ್ದಿ ನೆಕ್ಕಿದಳು, ಮುಖ ಕಿವುಚಿದಳು. ಎರಡನೆಯದನ್ನು ನೆಕ್ಕಿ, "ಇದೇ ನಂದು ಸಾಮಿ. ನನ್ ಕೈ ನಂಗೊತ್ತಿಲ್ವಾ," ಎಂದು ನಕ್ಕಳು.

"ಎರಡೂ ಗ್ರೈಂಡರಿನದೇ ಕಣಮ್ಮ," ಎಂದರು ವೆಂಕಟರಾಮಯ್ಯ.

ಎಲ್ಲರಿಗಿಂತ ಜೋರಾಗಿ ನಕ್ಕ ಕರಿಸಿದ್ದಯ್ಯ ಚಟ್ನಿಯೆಲ್ಲ ಬಳಿದು ತಿಂದಿದ್ದ ತನ್ನ ತಟ್ಟೆಯನ್ನು ಅವಳತ್ತಲೇ ಚಾಚಿದ. "ಅದ್ನೇ ಇನ್ನೊಂದ್ ಚೂರು ಆಕವ್ವ."